ಕಂಸದೊಳಗಿನ ನಗು

ರಂಗನಟ ಮಾಸ್ಟರ್ ಹಿರಣ್ಣಯ್ಯನವರನ್ನು ಸಂದರ್ಶಿಸಿದ ಪ್ರಸಂಗವನ್ನು ನಮ್ಮ ಪತ್ರಕರ್ತ ಮಿತ್ರ ಎಷ್ಟು ಸಲ ಹೇಳಿದರೂ ನಮಗೆ ಬೇಸರವಾಗುವುದಿಲ್ಲ. ಏಕೆಂದರೆ ಪ್ರತಿ ಸಲವೂ ಅದು ಒಂದಿಷ್ಟು ಬೆಳೆದಿರುತ್ತದೆ. ಮೊನ್ನೆ ಕಾಫಿ ಬರುವ ಮುನ್ನವೇ ಆತ ಶುರುಮಾಡಿದಾಗ, ಬ್ಯಾಂಕಿನಿಂದ ನಿವೃತ್ತರಾದ ರಾಯರು, “ಈ ಸಲ ಬಡ್ಡಿ ಎಷ್ಟು ಸೇರಿದೆ ಎಂಬುದನ್ನು ಮೊದಲೇ ತಿಳಿಸಿಬಿಡಪ್ಪ” ಎಂದರು.

“ನಿಮಗೆ ಅಸಲೇ ಪೂರ್ತಿ ಗೊತ್ತಿಲ್ಲ ರಾಯರೇ. ‘ಲಂಚಾವತಾರ’ವೊಂದನ್ನೇ ಹತ್ತು ಸಾವಿರಕ್ಕೂ ಹೆಚ್ಚು ಬಾರಿ ಆಡಿದವರ ಎದುರು ಕುಳಿತು, ಆಡಿದ್ದನ್ನೇ ಆಡಿ ಬೇಸರವಾಗಲಿಲ್ಲವೇ ಎಂದು ಕೇಳಿದ ಧೀರ ನಾನು.”

“ಅದೂ ಒಂದು ಪ್ರಶ್ನೆಯೇ?” ಎಂದು ಮೇಷ್ಟ್ರು ಸಿಡುಕಿದರು. “ನಾಟಕ ಎರಡು ದಿನ ಒಂದೇ ತೆರನಾಗಿದ್ದರೆ ತಾನೇ ಬೇಸರದ ಮಾತು? ಬೆಳಗಿನ ಪತ್ರಿಕೆಯ ಹಗರಣ ರಾತ್ರಿ ಅವರ ಬಾಯಲ್ಲಿರುತ್ತಿತ್ತು. ಕಥೆಯನ್ನು ಇದ್ದಲ್ಲಿಯೇ ಬಿಟ್ಟು, ನೇರವಾಗಿ ಪ್ರೇಕ್ಷಕರತ್ತ ತಿರುಗಿ, ಮುಂದಿನ ಸಾಲಿನ ಮಂತ್ರಿಯಿಂದ ಹಿಡಿದು ಆತನಿಗೆ ಓಟು ಹಾಕಿದ ಹಿಂದಿನ ಸಾಲಿನವರವರೆಗೆ ಎಲ್ಲರನ್ನೂ ತರಾಟೆಗೆ ತೆಗೆದುಕೊಂಡು, ಏನೂ ಆಗದವರಂತೆ ಕಥೆಗೆ ಮರಳುತ್ತಿದ್ದರು.”

“ನನಗೂ ಉತ್ತರವಾಗಿ ಅದನ್ನೇ ಆಡಿ ತೋರಿಸಿದರು” ಎಂದ ಮಿತ್ರ. “ಬರೆದುಕೊಳ್ಳಲು ಹೋದರೆ ಪೆನ್ನು ಒಂದು ಕಡೆ, ನಾನು ಒಂದು ಕಡೆ. ಪ್ರತಿ ಮಾತಿನ ಮುಂದೆಯೂ ಕಂಸದೊಳಗೆ ‘ನಗು’ ಎಂದು ಬರೆದುಕೊಂಡು ಬಂದೆ. ಅದೇ ಮುಳುವಾಯಿತು ನೋಡಿ. ಉಪಸಂಪಾದಕರು ಜಾಗ ಸಾಲದೆಂದು ಕಂಸಗಳನ್ನೆಲ್ಲ ಹೊಡೆದುಹಾಕಿದರು. ಮರುದಿನ ಅಚ್ಚಾಗಿದ್ದು ಸಂದರ್ಶನವಲ್ಲ, ಸರ್ಕಾರದ ಮೇಲಿನ ಆರೋಪಪಟ್ಟಿ!”

ರಾಯರು ನಕ್ಕು ನಕ್ಕು ಕೆಮ್ಮಿದರು. “ಅಂದರೆ ಬೈದವರು ಹಿರಣ್ಣಯ್ಯ, ಬೈಸಿಕೊಂಡವನು ನೀನು.”

“ಹೌದು, ದೂರವಾಣಿ ಕರೆಗಳೆಲ್ಲ ಕಚೇರಿಗೇ ಬಂದವು. ನಗುವಿಲ್ಲದ್ದರಿಂದ ಕತ್ತರಿಗೆ ಸಿಗದೆ ಉಳಿದ ವಾಕ್ಯವೆಂದರೆ, ಅವರು 1934ರಲ್ಲಿ ಮೈಸೂರಿನಲ್ಲಿ ಹುಟ್ಟಿದರು, ಮೂಲ ಹೆಸರು ನರಸಿಂಹಮೂರ್ತಿ, ತಂದೆ ಕೆ. ಹಿರಣ್ಣಯ್ಯನವರೂ ಹೆಸರಾಂತ ರಂಗನಟರು ಎಂಬುದೊಂದೇ.”

ಮೇಷ್ಟ್ರಿಗೆ ಇದು ಬರೀ ತಮಾಷೆಯಾಗಿ ಕಾಣಲಿಲ್ಲ. “ನಿಮ್ಮ ಉಪಸಂಪಾದಕರು ತಿಳಿಯದೆಯೇ ದೊಡ್ಡ ಗುಟ್ಟನ್ನು ಬಯಲು ಮಾಡಿದರು. ಸಭೆಯ ನಡುವೆ ಬೈಸಿಕೊಂಡ ಮಂತ್ರಿಗೆ ಸುತ್ತಲಿನವರೊಡನೆ ತಾನೂ ನಗುವುದಲ್ಲದೆ ಬೇರೆ ದಾರಿ ಇರಲಿಲ್ಲ. ನಕ್ಕ ಮೇಲೆ ದೂರು ಕೊಡಲು ಯಾವ ಮುಖವಿರುತ್ತದೆ? ಅದೇ ಮಾತನ್ನು ಮನೆಯಲ್ಲಿ ಒಬ್ಬನೇ ಕುಳಿತು ಪತ್ರಿಕೆಯಲ್ಲಿ ಓದಿದಾಗ ಮಾತ್ರ ಉರಿ ಹತ್ತುತ್ತದೆ. ಅವರ ಪಾಲಿಗೆ ಪ್ರೇಕ್ಷಕರ ನಗುವೇ ಜಾಮೀನು.”

“ಜಾಮೀನಿನ ವಿಷಯ ನನಗೆ ಬಿಡಿ” ಎಂದ ರಾಯರು, ಪತ್ರಕರ್ತನ ಕಡೆ ತಿರುಗಿ, “ಅಂದು ಅವರು ಆಡಿ ತೋರಿಸಿದ್ದನ್ನು ಈಗ ನೀನೊಮ್ಮೆ ಆಡು, ಸಾಲಕ್ಕೆ ಅರ್ಹವೋ ಅಲ್ಲವೋ ನೋಡೋಣ” ಎಂದರು.

ಮಿತ್ರ ಎದ್ದು, ಕಾಲ್ಪನಿಕ ಶಲ್ಯವನ್ನು ಹೆಗಲಿಗೇರಿಸಿ, ಗಂಟಲು ಸರಿಪಡಿಸಿಕೊಂಡು, ಇಡೀ ಮಾತನ್ನು ಒಂದೇ ಉಸಿರಿನಲ್ಲಿ, ಎಲ್ಲಿಯೂ ನಿಲ್ಲದೆ ಒಪ್ಪಿಸಿ ನಮ್ಮ ಮುಖ ನೋಡಿದ. ಒಳಗಿನಿಂದ ಕಾಫಿ ತಂದವರೂ ಲೋಟ ಹಿಡಿದುಕೊಂಡು ಕಾದರು.

“ಈಗ ಕಂಸದೊಳಗೆ ಏನೆಂದು ಬರೆಯೋಣ?” ಎಂದರು ಮೇಷ್ಟ್ರು.