ಹಳ್ಳಿ ಪೋಸ್ಟಾಫೀಸಿನ ಠಸ್ಸೆ ಓದುವ ಹಾಗೆ ಬೀಳಬೇಕಾದರೆ ಏನು ಮಾಡಬೇಕು?

ಮಧುಗಿರಿ ಮೊಪೆಡ್:
ಎಲ್ಲರಿಗೂ ನಮಸ್ಕಾರ. ಶನಿವಾರ ಬಿಡುವು ಸಿಕ್ಕರೆ ಮೊಪೆಡ್ ಹತ್ತಿ ಮಧುಗಿರಿ, ಕೊರಟಗೆರೆ, ಪಾವಗಡ ಕಡೆಯ ಹಳ್ಳಿ ಪೋಸ್ಟಾಫೀಸುಗಳಿಗೆ ಹೋಗುತ್ತೇನೆ. ಸ್ಟಾಂಪಿನ ಹುಚ್ಚಲ್ಲ, ಅದರ ಮೇಲೆ ಬೀಳುವ ಠಸ್ಸೆಯ ಹುಚ್ಚು. ಊರಿನ ಹೆಸರು, ತಾರೀಕು ಎರಡೂ ಓದಲು ಬರಬೇಕು, ಅಷ್ಟೇ. ಇಲ್ಲಿವರೆಗೆ 31 ಊರು ಆಗಿವೆ. ಓದಲು ಬರುವುದು 11.

ಹೋದ ವಾರದ ಕಥೆ ಕೇಳಿ. ಪೋಸ್ಟಾಫೀಸು ಅಂದರೆ ಪೋಸ್ಟ್‌ಮಾಸ್ಟರಮ್ಮನ ಮನೆಯ ಮುಂದಿನ ಕೋಣೆ. ಅರ್ಧ ಕೋಣೆ ತುಂಬ ಬಿಡಿಸಿದ ಹುಣಸೆಹಣ್ಣು, ಇನ್ನರ್ಧದಲ್ಲಿ ಟೇಬಲ್ಲು. "ಯಾರಿಗೆ ಕಾರ್ಡು?" ಅಂದರು. ನನಗೇ ಅಂದೆ. "ನಿಮಗೆ ನೀವೇ ಬರ್ಕೊಂಡಿದೀರಾ?" ಅಂತ ನಕ್ಕು, ಪ್ಯಾಡಿಗೆ ಎರಡು ಸಲ ಕುಟ್ಟಿ, ಕಾರ್ಡಿಗೆ ಧಪ್ಪಂತ ಒಂದೇ ಏಟು. ನೋಡಿದರೆ ಸೀದ ರೊಟ್ಟಿ! ಊರಿನ ಹೆಸರಲ್ಲಿ "ಹಳ್ಳಿ" ಮಾತ್ರ ಉಳಿದಿದೆ. ನಮ್ಮ ಕಡೆ ಅದೊಂದರಿಂದ ಯಾವ ಊರು ಅಂತ ಹುಡುಕಲಿ?

ಇನ್ನೊಂದು ಕಡೆ ಮೇಲಿನವರ ಪರ್ಮಿಷನ್ ಬೇಕು ಅಂತ ಹಾಗೇ ವಾಪಸ್ ಕಳಿಸಿದರು. ಪೆಟ್ರೋಲು ದಂಡ. ತಿಳಿದವರು ಹೇಳಿ, ಹೇಗೆ ಕೇಳಬೇಕು?

ತಿಪಟೂರು ನಿವೃತ್ತ:
ನಾನು ಇಲಾಖೆಯಲ್ಲಿದ್ದವನು, ಆ ಕಡೆಯಿಂದ ಹೇಳುತ್ತೇನೆ. ಖಾಲಿ ಹಾಳೆ ಕೊಟ್ಟು ಒತ್ತಿಕೊಡಿ ಅಂದಿರಾ? ಅಂದಿದ್ದರೆ ಕಳಿಸಿದ್ದೇ ಸರಿ. ತಾರೀಕಿನ ಠಸ್ಸೆ ಅಂದರೆ ಸಾಕ್ಷಿ ಇದ್ದ ಹಾಗೆ. ನಾಳೆ ಯಾರೋ ಅದರ ಮೇಲೆ ಏನೋ ಬರೆದುಕೊಂಡರೆ ಆ ಬಡಪಾಯಿ ತಲೆಗೆ ಬರುತ್ತದೆ. ಸ್ಟಾಂಪ್ ಅಂಟಿಸಿ, ವಿಳಾಸ ಬರೆದು ಕೊಡಿ.

50 ಪೈಸೆ ಕಾರ್ಡು ಬೇಡ. ಅದರಲ್ಲಿ ಅಚ್ಚಾಗಿರುವ ಚಿತ್ರದ ಮೇಲೆ ಬಿದ್ದರೆ ಠಸ್ಸೆ ಚಿತ್ರದೊಳಗೇ ಸೇರಿಹೋಗುತ್ತದೆ. ಬಿಳಿ ಕವರಿಗೆ ತಿಳಿ ಬಣ್ಣದ ಸ್ಟಾಂಪ್ ಹಚ್ಚಿ, ಠಸ್ಸೆ ಅರ್ಧ ಸ್ಟಾಂಪಿನ ಮೇಲೆ, ಅರ್ಧ ಕವರಿನ ಮೇಲೆ ಬೀಳಲಿ. ಕೆಳಗೆ ನ್ಯೂಸ್‌ಪೇಪರ್ ನಾಲ್ಕು ಮಡಿಕೆ ಮಾಡಿ ಇಡಿ. ಬರೀ ಮರದ ಟೇಬಲ್ ಮೇಲೆ ಒಂದಂಚು ಮಾತ್ರ ಮೂಡುತ್ತದೆ. "ಕುಟ್ಟಬೇಡಿ ಅಮ್ಮಾ, ನಿಧಾನಕ್ಕೆ ಒತ್ತಿ" ಅಂತ ಕೇಳಿ. ಅಕ್ಷರದ ಸಂದಿಯಲ್ಲಿ ಇಂಕು ಗಟ್ಟಿಯಾಗಿರುತ್ತದೆ, ಸೇಫ್ಟಿ ಪಿನ್ ಕೊಟ್ಟರೆ ಅವರೇ ಕೆರೆದುಕೊಳ್ಳುತ್ತಾರೆ.

ಬ್ರಾಂಚ್ ಆಫೀಸಿನವರ, ಅಂದರೆ ಇಂಥ ಹಳ್ಳಿ ಪೋಸ್ಟಾಫೀಸಿನವರ ಕೆಲಸ ದಿನಕ್ಕೆ 4-5 ಗಂಟೆ. ಟಪಾಲು ಚೀಲ ಕಟ್ಟುವ ಹೊತ್ತಿಗೆ ಹೋಗಿ ನಿಂತರೆ ಯಾರಿಗಾದರೂ ರೇಗುತ್ತದೆ.

ಕೆಜಿಎಫ್ ಮೊಮ್ಮಗಳು:
ಒಂದು ಸಲ ನಮ್ಮ ಕಡೆಗೂ ಬನ್ನಿ ಅಣ್ಣ. ಚಾಂಪಿಯನ್ ರೀಫ್ಸ್, ರಾಬರ್ಟ್‌ಸನ್‌ಪೇಟೆ, ಮಾರಿಕುಪ್ಪಂ, ಎಲ್ಲಕ್ಕೂ ಬೇರೆ ಬೇರೆ ಠಸ್ಸೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಆದರೆ ಚಾಂಪಿಯನ್ ರೀಫ್ಸ್ ಅನ್ನುವ ಗಣಿಯ ಹೆಸರು ಠಸ್ಸೆಯಲ್ಲಿ ಹಾಗೇ ಇದೆ. ನಮ್ಮ ತಾತನ ಕಾಗದಗಳ ಟ್ರಂಕಿನಲ್ಲಿ ಅದನ್ನು ನೋಡಿಯೇ ನನಗೂ ಈ ಚಟ ಹತ್ತಿದ್ದು.

ಚಿಂತಾಮಣಿ ಚೀಟಿ:
ಹಳೇ ಕವರು ಸಿಕ್ಕರೆ ವಿಳಾಸವನ್ನೂ ಓದಿ. ನಮ್ಮ ಮನೆಯಲ್ಲಿರುವುದರ ಮೇಲೆಲ್ಲ "ಚಿಂತಾಮಣಿ, ಕೋಲಾರ ಜಿಲ್ಲೆ". 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಯಿತಲ್ವಾ. ನಿಮ್ಮ ತುಮಕೂರಿನ ಇಂಗ್ಲಿಷ್ ಸ್ಪೆಲಿಂಗ್ ಬದಲಾಗಿದ್ದು 2014ರ ನವೆಂಬರ್ 1ಕ್ಕೆ. ಹಳೇ "ಟುಮ್ಕುರ್" ಠಸ್ಸೆ ಎಲ್ಲಾದರೂ ಇನ್ನೂ ಒತ್ತುತ್ತಿದ್ದರೆ ನನಗೂ ಒಂದು ಹಾಕಿಸಿ, ಖರ್ಚು ಕೊಡುತ್ತೇನೆ.

ಮಧುಗಿರಿ ಮೊಪೆಡ್:
ತಿಪಟೂರಿನ ಸಾರ್, ಹೌದು, ಖಾಲಿ ಹಾಳೆಯನ್ನೇ ಕೊಟ್ಟಿದ್ದೆ. ತಪ್ಪು ನನ್ನದೇ.

ಈ ಶನಿವಾರ ಹುಣಸೆಹಣ್ಣಿನ ಆಫೀಸಿಗೆ ಮತ್ತೆ ಹೋದೆ. ಪೋಸ್ಟ್‌ಮಾಸ್ಟರಮ್ಮ ಸೇಫ್ಟಿ ಪಿನ್ ನೋಡಿ "ನನ್ನ ಹತ್ರಾನೇ ಇದೆ ಬಿಡಿ" ಅಂತ ಬಳೆಗೆ ಸಿಕ್ಕಿಸಿದ್ದ ಪಿನ್ನನ್ನೇ ತೆಗೆದು ಒಂದೊಂದೇ ಅಕ್ಷರ ಕೆರೆದರು. ಪೇಪರ್ ಇಟ್ಟು, ಎರಡೂ ಕೈಯಲ್ಲಿ ಒತ್ತಿ, ಉಸಿರು ಬಿಗಿ ಹಿಡಿದು ಎತ್ತಿದರು. ಊರಿನ ಹೆಸರು ಮೊದಲಿಂದ ಕೊನೆವರೆಗೆ ಮೂಡಿತ್ತು! ನನಗಿಂತ ಅವರಿಗೇ ಖುಷಿ ಜಾಸ್ತಿ. ಒಳಗಿದ್ದ ಮಗಳನ್ನು ಕರೆದು ತೋರಿಸಿದರು.

ಕೈಯಲ್ಲೇ ತಗೊಂಡು ಬರಬೇಕಿತ್ತು. ಚೀಲದಲ್ಲೇ ಬರಲಿ, ಅದೇ ಚೆಂದ ಅಂತ ಅಲ್ಲೇ ಬಿಟ್ಟು ಬಂದೆ. ಮಂಗಳವಾರ ಕವರು ಮನೆಗೆ ಬಂತು. ದಾರಿಯಲ್ಲಿ ಯಾರೋ ಪುಣ್ಯಾತ್ಮರು ಸರಿಯಾಗಿ ಅದರ ಮೇಲೇ ಇನ್ನೊಂದು ಠಸ್ಸೆ ಕುಟ್ಟಿದ್ದಾರೆ.