ಸಹಾಯ ಬೇಕು: ದುಡ್ಡು ಕೊಟ್ಟು ತಗೊಂಡ ಹಾಡು ಪವರ್‌ಪಾಯಿಂಟ್‌ಗೆ ಸೇರ್ತಿಲ್ಲ

ಎಲ್ಲರಿಗೂ ನಮಸ್ಕಾರ. ಬರುವ ಭಾನುವಾರ ವಿರಾಜಪೇಟೆಯಲ್ಲಿ ಅಪ್ಪ-ಅಮ್ಮನ ಮದುವೆಯ 50ನೇ ವರ್ಷದ ಊಟ ಇಟ್ಕೊಂಡಿದ್ದೇವೆ. ಹಳೇ ಫೋಟೋಗಳ ಸ್ಲೈಡ್‌ಶೋ ಮಾಡೋ ಕೆಲಸ ನನ್ನ ತಲೆಗೆ ಬಿತ್ತು. 64 ಫೋಟೋ ಸ್ಕ್ಯಾನ್ ಮಾಡಿ ಜೋಡಿಸಿದ್ದಾಯ್ತು (ಅರ್ಧದಲ್ಲಿ ಅಪ್ಪನಿಗಿಂತ ಜೀಪೇ ದೊಡ್ಡದಾಗಿ ಕಾಣ್ತದೆ, ಇರ್ಲಿ).

ತೊಂದರೆ ಹಾಡಿನದ್ದು. ಆಗ ಅಮೆರಿಕದಲ್ಲಿದ್ದ ಅಣ್ಣ 2007ರಲ್ಲಿ ಐಟ್ಯೂನ್ಸ್‌ನಲ್ಲಿ ಕೊಂಡ ಮೂರು ಫೈಲ್ ಕಳಿಸಿದ್ದಾನೆ. ಒಂದರ ಹೆಸರಿನ ಕೊನೆಗೆ ಎಂ4ಎ ಅಂತ ಇದೆ, ಅದು ಸಲೀಸಾಗಿ ಸೇರಿತು. ಉಳಿದೆರಡು ಎಂ4ಪಿ. ಅವನ್ನು ಪವರ್‌ಪಾಯಿಂಟ್ ಒಪ್ಪೋದೇ ಇಲ್ಲ. ಹುಡುಕಿದಾಗ ಗೊತ್ತಾಯ್ತು, 2009ಕ್ಕೆ ಮೊದಲು ಅಲ್ಲಿ ಮಾರಿದ ಹೆಚ್ಚಿನ ಹಾಡುಗಳಿಗೆ ಬೀಗ ಹಾಕಿರ್ತಿದ್ದರಂತೆ; ಕೊಂಡವರ ಖಾತೆಗೆ ಅನುಮತಿ ಇರುವ ಕಂಪ್ಯೂಟರಲ್ಲಿ ಮಾತ್ರ ಕೇಳಬಹುದು. ಹೆಸರಿನ ಕೊನೆಯನ್ನು ಎಂಪಿ3 ಅಂತ ಬದಲಿಸಿಯೂ ನೋಡಿದೆ, ನಗಬೇಡಿ. ಆಗ್ಲಿಲ್ಲ.

ಅಣ್ಣ ಐಟ್ಯೂನ್ಸಿಂದ ಆಡಿಯೋ ಸಿಡಿ ಬರೆದು, ಅದರಿಂದ ಎಂಪಿ3 ಮಾಡಿ ಕಳಿಸಬಹುದು ಅಂತ ಪರಿಚಯದವರೊಬ್ಬರು ಹೇಳಿದರು. ಯಾರಾದ್ರೂ ಮಾಡಿದ್ದೀರಾ? ದನಿ ತುಂಬ ಕೆಡ್ತದಾ? ಅಥವಾ ಅದೇ ಹಾಡನ್ನು ಬೀಗ ಇಲ್ಲದ್ದು ಹೊಸದಾಗಿ ಕೊಳ್ಳೋದೇ ಸುಲಭವಾ?

ಇನ್ನೊಂದು. ಹಾಡು ಕೊನೆಯ ಸ್ಲೈಡ್‌ವರೆಗೂ ಬರ್ಲಿ ಅಂತ 'ಪ್ಲೇ ಅಕ್ರಾಸ್ ಸ್ಲೈಡ್ಸ್' ಒತ್ತಿದ್ದೇನೆ. ಪೆನ್‌ಡ್ರೈವಲ್ಲಿ ಹಾಕಿ ಹಾಲ್‌ನವರ ಲ್ಯಾಪ್‌ಟಾಪಿಗೆ ಕೊಟ್ಟರೆ ಹಾಡೂ ಜೊತೆಗೇ ಹೋಗ್ತದಾ, ಬೇರೆ ಕಾಪಿ ಮಾಡ್ಬೇಕಾ? ನನ್ನದು ಪವರ್‌ಪಾಯಿಂಟ್ 2016. ಮಳೆ ಹಿಡಿದ್ರೆ ಅಲ್ಲಿ ನೆಟ್‌ವರ್ಕ್ ಸಿಗೋದಿಲ್ಲ, ಹಾಗಾಗಿ ಆನ್‌ಲೈನ್ ದಾರಿ ಬೇಡ. ಶುಕ್ರವಾರದೊಳಗೆ ಯಾರಾದ್ರೂ ಹೇಳಿದ್ರೆ ಉಪಕಾರ.