ಸಹಾಯ ಬೇಕು: 5ಜಿ–ವೈಫೈ ನಡುವೆ ಬಳಕೆದಾರರ ಹಂಚಿಕೆ ಕೈಗೆ ಸಿಗ್ತಿಲ್ಲ

ಎಲ್ಲರಿಗೂ ನಮಸ್ಕಾರ. ಎಂ.ಟೆಕ್ ಪ್ರಾಜೆಕ್ಟ್‌ಗೆ ಪೈಥಾನ್‌ನಲ್ಲಿ ಸಣ್ಣ ಸಿಮ್ಯುಲೇಶನ್ ಬರೆದಿದ್ದೀನಿ. ಒಂದು 5ಜಿ ಬೇಸ್ ಸ್ಟೇಷನ್, ಮೂರು ವೈಫೈ ಆಕ್ಸೆಸ್ ಪಾಯಿಂಟ್, 40 ಬಳಕೆದಾರರು. ಯಾರನ್ನ ಯಾವುದಕ್ಕೆ ಸೇರಿಸೋದು ಅನ್ನೋದೇ ಪ್ರಶ್ನೆ.

ಮೊದಲು ಸಿಗ್ನಲ್ ಜೋರಿದ್ದ ಕಡೆ ಕಳಿಸಿದೆ. ಊಟದ ಹೊತ್ತಿನ ಕ್ಯಾಂಟೀನ್ ಥರ ಒಂದೇ ಆಕ್ಸೆಸ್ ಪಾಯಿಂಟ್‌ಗೆ ಮುಗಿಬಿದ್ದರು. ವೈಫೈನಲ್ಲಿ ಪ್ಯಾಕೆಟ್ ಕಳಿಸೋ ಅವಕಾಶ ಎಲ್ಲರಿಗೂ ಸರಿಸಮ. ಹಾಗಾಗಿ ಮೂಲೆಯಲ್ಲಿ 6 ಎಂಬಿಪಿಎಸ್‌ನಲ್ಲಿ ತೆವಳೋನು 54ರಲ್ಲಿ ಇರೋನನ್ನೂ ಕೆಳಗೆ ಎಳೀತಾನೆ. ಓವರ್‌ಹೆಡ್ (ಡೇಟಾ ಅಲ್ಲದ್ದಕ್ಕೆ ಹೋಗೋ ಸಮಯ) ಬಿಟ್ಟು, ಪ್ಯಾಕೆಟ್ ಗಾತ್ರ ಒಂದೇ ಅಂತ ಲೆಕ್ಕ ಹಾಕಿದ್ರೆ ಇಬ್ಬರಿಗೂ ಸಿಗೋದು ತಲಾ 5.4! 5ಜಿ ಕಡೆ ಸಮಯವನ್ನ ಸಮನಾಗಿ ಹಂಚಿದ್ದೀನಿ, ಅಲ್ಲಿ ಈ ಕಾಟ ಇಲ್ಲ.

ಆಮೇಲೆ ಸಿಗಬಹುದಾದ ವೇಗ ನೋಡಿ ಅವರವರೇ ಆರಿಸಲಿ ಅಂತ ಬಿಟ್ಟೆ. ಒಂದು ಸುತ್ತಲ್ಲಿ ಎಲ್ಲರೂ 5ಜಿಗೆ ಹಾರ್ತಾರೆ, ಮುಂದಿನ ಸುತ್ತಲ್ಲಿ ವಾಪಸ್. ಶೇ. 10ರಷ್ಟು ಹೆಚ್ಚು ಸಿಕ್ಕರೆ ಮಾತ್ರ ಬದಲಾಗು ಅಂತ ಹಾಕಿದೆ, ಆದರೂ ಆರೇಳು ಜನ ಉಯ್ಯಾಲೆ ಆಡ್ತಾನೇ ಇದ್ದಾರೆ.

ಕೊನೆಗೆ ಯಾರಿಗೂ ತೀರಾ ಕಡಿಮೆ ಆಗದಿರಲಿ ಅಂತ ಎಲ್ಲರ ವೇಗದ ಲಾಗ್ (ಲಾಗರಿದಮ್) ಮೊತ್ತ ಗರಿಷ್ಠ ಮಾಡೋಕೆ ಹೊರಟೆ. ಯಾರು ಎಲ್ಲಿಗೆ ಅನ್ನೋ 0–1 ಚರಗಳನ್ನ ಸಡಿಲಿಸಿ (ನಡುವಿನ ಭಿನ್ನರಾಶಿಯೂ ಆಗಬಹುದು ಅಂತ ಬಿಟ್ಟು) ಸಿವಿಎಕ್ಸ್‌ಪೈ ಅನ್ನೋ ಪೈಥಾನ್ ಆಪ್ಟಿಮೈಸೇಶನ್ ಲೈಬ್ರರಿಗೆ ಕೊಟ್ಟೆ. 5ಜಿ ಭಾಗ ಎಂಟ್ರೊಪಿ ರೂಪದಲ್ಲಿ (−x log x ಥರ) ಸಲೀಸಾಗಿ ಹೋಯ್ತು. ವೈಫೈ ಭಾಗ ಸೇರಿಸಿದ ಕೂಡಲೇ ಡಿಸಿಪಿ ಎರರ್, ಅಂದ್ರೆ ಲೈಬ್ರರಿಯ ಕಾನ್ವೆಕ್ಸ್ ನಿಯಮಕ್ಕೆ ಇದು ಹೊಂದಲ್ಲ ಅಂತ. ಸೂತ್ರದ ಆ ವೈಫೈ ಭಾಗ ಕಾನ್ಕೇವ್ (ಗುಡ್ಡದ ಥರ ಮೇಲಕ್ಕೆ ಬಾಗಿದ್ದು) ಅಲ್ಲ ಅನ್ನೋದು ಕಾಗದದ ಮೇಲೆ ನೋಡಿದಾಗ ಗೊತ್ತಾಯ್ತು.

ಇದನ್ನ ಬೇರೆ ರೂಪದಲ್ಲಿ ಬರೆಯೋ ದಾರಿ ಇದೆಯಾ? ಅಥವಾ ಒಂದು ಸುತ್ತಿಗೆ ಒಬ್ಬರನ್ನೇ, ಒಟ್ಟು ಲಾಗ್ ಮೊತ್ತ ಏರಿದರೆ ಮಾತ್ರ ಬದಲಿಸೋದೇ ವಾಸಿಯಾ? ಹಾಗೆ ಮಾಡಿದ್ರೆ ಉಯ್ಯಾಲೆ ನಿಲ್ಲುತ್ತೆ ಸರಿ, ಆದರೆ ಒಳ್ಳೆ ಉತ್ತರದಿಂದ ಎಷ್ಟು ದೂರ ನಿಂತಿದ್ದೀವಿ ಅಂತ ಗೈಡ್ ಕೇಳ್ತಾರೆ. ಈ ಕೆಲಸ ಮಾಡಿದವರಿದ್ದರೆ ದಯವಿಟ್ಟು ಹೇಳಿ, ಕೋಡ್ ಬೇಕಿದ್ರೆ ಕಳಿಸ್ತೀನಿ.